ಬಾವುಟ ಒಂದೇ, ಗುರುತು ಬೇರೆ

“ಕೈ ಬರಿಯೂದು ಹತ್ತು ನಿಮಿಷದ ಕೆಲಸ ಅಕ್ಕೋರ. ಕಮಲಕ್ಕ ಅರ್ಧ ತಾಸು ಬೇಕು, ಎಸಳು ಹೆಚ್ಚುಕಡಿಮಿ ಆಗಬಾರ್ದು. ಹೊರಿ ಹೊತ್ತ ಹೆಣ್ಮಗಳಿಗೆ ಸೀರಿ ನೆರಗಿ ಚಂದ ಬೀಳಬೇಕು. ಆದ್ರ ಈ ಸುತ್ತಿಗಿ-ಕುಡಗೋಲು ಐತಲ್ಲ, ನೋಡಾಕ ಸರಳ, ಬರಿಯಾಕ ಕುಂತ್ರ ಬೆವರು ಬಿಡಸ್ತೈತಿ. ಬಾಗು ಒಂದ್ ಬೆರಳು ಹೆಚ್ಚಾತಂದ್ರ ಕೊಕ್ಕಿ ಆಗ್ತೈತಿ, ಕಡಿಮಿ ಆತಂದ್ರ ಚಂದ್ರ ಆಗ್ತೈತಿ.”

ಹೀಗೆ ಹೇಳಿದವರು ಯಲಬುರ್ಗಾದ ಹಳೆಯ ಪೇಂಟರ್. ಫ್ಲೆಕ್ಸ್ ಬರುವ ಮುಂಚೆ ಚುನಾವಣೆ ಬಂತೆಂದರೆ ಊರ ಗೋಡೆಗಳೆಲ್ಲ ಅವರ ಪಾಲಿಗೆ. ಯಾವ ಪಕ್ಷ ಕರೆದರೂ ಹೋಗುತ್ತಿದ್ದರು, ಯಾವ ಪಕ್ಷಕ್ಕೂ ಸೇರಲಿಲ್ಲ. ಎದುರಿಗೆ ಕುಳಿತಿದ್ದವರು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವರು. ಪಾಠ ಹೇಳುವ ಹೆಣ್ಣುಮಕ್ಕಳು ಈ ಕಡೆ ಎಲ್ಲರಿಗೂ ‘ಅಕ್ಕೋರು’. ಅವರಿಗೆ ಈ ಹಿರಿಯರು ‘ಕಾಕಾ’. ತರಗತಿಯ ಗೋಡೆಗೆ ಮೈತ್ರಿಕೂಟಗಳ ಬಗ್ಗೆ ಕೈಬರಹದ ಒಂದು ಚಾರ್ಟ್ ಬೇಕೆಂದು ಅವರು ಬಂದಿದ್ದರು. ಬರೆದು ತಂದಿದ್ದ ಪಟ್ಟಿಯಲ್ಲಿ ‘ಎಡರಂಗ’ ಎಂಬ ಸಾಲಿನ ಮುಂದೆ ಜಾಗ ಖಾಲಿ ಇತ್ತು.

“ಇದರ ಮುಂದ ಯಾವ ಗುರುತು ಬರೀಲಿ?”

“ಅದಕ್ಕ ಗುರುತು ಇಲ್ಲ ಕಾಕಾ.”

“ಗುರುತಿಲ್ಲಂದ್ರ ವೋಟು ಎಲ್ಲಿ ಹಾಕಿಸಿಕೊಳ್ತಾರ?”

ಪೇಂಟರ್ ಕೇಳಿದ್ದು ತಮಾಷೆಗಲ್ಲ. ನಮ್ಮ ದೇಶದಲ್ಲಿ ಗುರುತು ಹಂಚುವುದು ಚುನಾವಣಾ ಆಯೋಗ. ಅದಕ್ಕೆ ಆಧಾರ 1968ರ ಚಿಹ್ನೆಗಳ ಆದೇಶ. ಆ ಆದೇಶದ ಕಣ್ಣಿಗೆ ಪಕ್ಷ ಕಾಣುತ್ತದೆ, ಕೂಟ ಕಾಣುವುದಿಲ್ಲ. ರಾಷ್ಟ್ರೀಯ ಪಕ್ಷವಾದರೆ ದೇಶದುದ್ದಕ್ಕೂ ಅದರ ಗುರುತು ಕಾಯ್ದಿಟ್ಟದ್ದು, ರಾಜ್ಯ ಪಕ್ಷವಾದರೆ ಆ ರಾಜ್ಯದ ಮಟ್ಟಿಗೆ. ಉಳಿದವರಿಗೆ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಒಂದು. ಹತ್ತು ಪಕ್ಷಗಳು ಕೂಡಿ ಒಂದು ರಂಗ ಕಟ್ಟಿದರೂ ಮತಯಂತ್ರದ ಮೇಲೆ ಆ ರಂಗದ ಚಿತ್ರ ಬರುವುದಿಲ್ಲ.

ಅಕ್ಕೋರು ಕಾಸರಗೋಡಿನ ಉದಾಹರಣೆ ಕೊಟ್ಟರು. “ಕೇರಳದಾಗ ಎಡ ಪ್ರಜಾಸತ್ತಾತ್ಮಕ ರಂಗ ಅಂತ ಒಂದೇ ಹೆಸರು. ಒಂದ್ ಕ್ಷೇತ್ರದಾಗ ಆ ರಂಗದ ಗುರುತು ಸುತ್ತಿಗಿ-ಕುಡಗೋಲು-ನಕ್ಷತ್ರ, ಪಕ್ಕದ ಕ್ಷೇತ್ರದಾಗ ತೆನಿ-ಕುಡಗೋಲು, ಮತ್ತೊಂದರಾಗ ಎರಡೆಲಿ. ಮಂಜೇಶ್ವರದ ಕನ್ನಡದವ್ರು 1970ರಾಗ, 1977ರಾಗ ಎಂ. ರಾಮಪ್ಪನವ್ರನ್ನ ಆರಿಸಿ ಕಳಿಸಿದ್ರು, 1980ರಾಗ, 1982ರಾಗ ಡಾ. ಎ. ಸುಬ್ಬರಾಯರನ್ನ. ಇಬ್ಬರೂ ಸಿಪಿಐ, ಗುರುತು ತೆನಿ-ಕುಡಗೋಲು. ಸುಬ್ಬರಾಯರು ನೀರಾವರಿ ಮಂತ್ರಿನೂ ಆದ್ರು.”

“ಅಂದ್ರ ಮತದಾರ ಪ್ರತಿ ಸಲ ಕೇಳಬೇಕಾಗತೈತಿ, ಈ ಸಲ ನಮ್ಮದು ಯಾವುದಪಾ ಅಂತ.”

“ಕೇಳಬೇಕು. ಅಲ್ಲಿ ಹೇಳಾಕ ಮನಿಮನಿಗೆ ಕಾರ್ಯಕರ್ತರು ಹೋಗ್ತಾರ.”

“ಇಲ್ಲಿ?”

ಅಕ್ಕೋರು ಆ ಪ್ರಶ್ನೆಯನ್ನು ಅಷ್ಟಕ್ಕೇ ಬಿಟ್ಟು ಬಾವುಟದ ಕಡೆ ಹೊರಳಿದರು. ಗುರುತಿನಲ್ಲಿ ಒಂದಾಗದ ಎಡಪಕ್ಷಗಳು ಬಾವುಟದಲ್ಲಿ ಹೆಚ್ಚುಕಡಿಮೆ ಒಂದೇ. ಸಿಪಿಎಂ ತನ್ನ ಸಂವಿಧಾನದಲ್ಲೇ ಅಳತೆ ಬರೆದುಕೊಂಡಿದೆ: ಕೆಂಪು ಬಾವುಟ, ಅಗಲದ ಒಂದೂವರೆ ಪಟ್ಟು ಉದ್ದ, ನಡುವೆ ಬಿಳಿ ಬಣ್ಣದಲ್ಲಿ ಒಂದನ್ನೊಂದು ಹಾಯುವ ಸುತ್ತಿಗೆ ಮತ್ತು ಕುಡುಗೋಲು. ಪೇಂಟರ್ ಕೂಡಲೇ ಕೈ ಎತ್ತಿದರು.

“ನಕ್ಷತ್ರ ಎಲ್ಲಿ?”

“ಬಾವುಟದಾಗ ನಕ್ಷತ್ರ ಇಲ್ಲ. ಅದು ಚುನಾವಣಿ ಗುರುತಿನಾಗ ಮಾತ್ರ.”

“ಅದಕ್ಕ ನೋಡ್ರಿ! ಗೋಡಿ ಮ್ಯಾಲ ಬರೆಯೋವಾಗ ನಕ್ಷತ್ರ ಬಿಟ್ರ ಬೈತಿದ್ರು, ಬಾವುಟಕ್ಕ ನಕ್ಷತ್ರ ಹಾಕಿದ್ರ ಅದಕ್ಕೂ ಬೈತಿದ್ರು. ಇಷ್ಟು ವರ್ಷ ಯಾಕಂತ ಯಾರೂ ಹೇಳಲಿಲ್ಲ.”

ಇದರ ಬೇರು 1964ರಲ್ಲಿದೆ. ಆ ವರ್ಷ ಭಾರತ ಕಮ್ಯುನಿಸ್ಟ್ ಪಕ್ಷ ಒಡೆಯಿತು. ಹಳೆಯ ಪಕ್ಷ, ಅಂದರೆ ಸಿಪಿಐ, ಮೊದಲ ಚುನಾವಣೆಯಿಂದ ಬಳಸುತ್ತಿದ್ದ ತೆನೆ-ಕುಡುಗೋಲನ್ನು ಉಳಿಸಿಕೊಂಡಿತು. ಹೊಸ ಪಕ್ಷ ಸಿಪಿಎಂ ಮತಪೆಟ್ಟಿಗೆಗಾಗಿ ಸುತ್ತಿಗೆ, ಕುಡುಗೋಲು, ನಕ್ಷತ್ರ ತೆಗೆದುಕೊಂಡಿತು. ಕೆಂಪು ಬಟ್ಟೆಯನ್ನು ಇಬ್ಬರೂ ಬಿಡಲಿಲ್ಲ, ಅದರ ಮೇಲಿನ ಸುತ್ತಿಗೆ-ಕುಡುಗೋಲನ್ನೂ ಬಿಡಲಿಲ್ಲ. “ಮನಿ ಎರಡಾದ್ರೂ ದೇವರು ಹಂಚಿಕೊಳ್ಳಲಿಲ್ಲ ಅನ್ರಿ,” ಎಂದರು ಪೇಂಟರ್. ದೂರದಿಂದ ಬರುವ ಮೆರವಣಿಗೆ ನೋಡಿ ಯಾವ ಪಕ್ಷದ್ದೆಂದು ಹೇಳಲು ಈಗಲೂ ಬ್ಯಾನರ್ ಓದಬೇಕು.

ಉಳಿದ ಎಡಪಕ್ಷಗಳ ಸಂಗತಿ ಇನ್ನೂ ಸ್ವಾರಸ್ಯದ್ದು. ಸುಭಾಷಚಂದ್ರ ಬೋಸರು 1939ರಲ್ಲಿ ಕಟ್ಟಿದ ಫಾರ್ವರ್ಡ್ ಬ್ಲಾಕಿನ ಬಾವುಟದ ಮೇಲೆ ನೆಗೆಯುವ ಹುಲಿ, ಚುನಾವಣಾ ಗುರುತು ಸಿಂಹ. ಬಂಗಾಳದ ಎಡರಂಗದಲ್ಲಿ ದಶಕಗಟ್ಟಲೆ ಇದ್ದ ಈ ಪಕ್ಷ 2022ರಲ್ಲಿ ಭುವನೇಶ್ವರದಲ್ಲಿ ಸಭೆ ಸೇರಿ ತನ್ನ ಬಾವುಟದಿಂದ ಸುತ್ತಿಗೆ-ಕುಡುಗೋಲು ತೆಗೆದುಹಾಕಿತು, ಹುಲಿ ಉಳಿಯಿತು. ಸಿಪಿಐ-ಎಂಎಲ್ ಲಿಬರೇಷನ್ ಪಕ್ಷದ್ದು ತದ್ವಿರುದ್ಧ. ಅದರ ಚುನಾವಣಾ ಗುರುತೇ ಒಂದು ಬಾವುಟ, ಮೂರು ನಕ್ಷತ್ರದ್ದು. ಗಂಗಾವತಿ ಕಡೆ ಈ ಪಕ್ಷದ ಸಂಘಟನೆ ಇರುವುದರಿಂದ ಪೇಂಟರಿಗೆ ಅದು ಹೊಸದಲ್ಲ.

“ಅವ್ರು ಶಾಣ್ಯಾರು,” ಎಂದರು. “ಬಾವುಟಾನೂ ಗುರುತೂ ಒಂದ ಮಾಡಿಬಿಟ್ಟಾರ. ಒಂದು ಬರದ್ರ ಎರಡರ ಕೆಲಸ ಆಗತೈತಿ.”

ಗುರುತಿನ ಪುರಾಣ ಕೇಳಬೇಕೆಂದರೆ 1951-52ಕ್ಕೆ ಹೋಗಬೇಕು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಹೆಸರು ಓದಲಾರದವರು ಚಿತ್ರ ನೋಡಿ ಮತ ಹಾಕಲಿ ಎಂಬ ಲೆಕ್ಕಾಚಾರದಲ್ಲಿ ಆಯೋಗ ಪಕ್ಷಗಳಿಗೆ ದಿನಬಳಕೆಯ ವಸ್ತುಗಳನ್ನು ಹಂಚಿತು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚೀಟಿ. ಚೀಟಿ ನೋಡಿ ಮತಪತ್ರ ಒಳಗೆ ಹಾಕುವುದು. ನೇಗಿಲಿಗೆ ಹಲವು ಪಕ್ಷಗಳು ಕೈಚಾಚಿದ್ದರಿಂದ ಅದನ್ನು ಯಾರಿಗೂ ಕೊಡಲಿಲ್ಲ. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ, ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೆ ಆನೆ.

“ಮತ್ತ ಕೈ?”

“ಕೈ ಆಗ ಎಡದವ್ರ ಹತ್ರ ಇತ್ತು ಕಾಕಾ. ಫಾರ್ವರ್ಡ್ ಬ್ಲಾಕಿನ ರೂಯಿಕರ್ ಬಣದ ಗುರುತದು. ಕಾಂಗ್ರೆಸ್ಸಿಗೆ ಬಂದದ್ದು 1978ರಾಗ, ಹಸು-ಕರು ಕೈಬಿಟ್ಟ ಮ್ಯಾಲ.”

ಪೇಂಟರ್ ಬಹಳ ಹೊತ್ತು ನಕ್ಕರು. ಎಷ್ಟು ಗೋಡೆಗಳ ಮೇಲೆ ಕೈ ಬರೆದವರು!

ಯಲಬುರ್ಗಾ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಕೊಪ್ಪಳ, ಯಲಬುರ್ಗಾ ಎರಡೂ ನಿಜಾಮರ ಕಾಲದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರು. ತೆಲಂಗಾಣದ ಸಶಸ್ತ್ರ ಹೋರಾಟದಿಂದಾಗಿ ಆ ರಾಜ್ಯದಲ್ಲಿ ಕಮ್ಯುನಿಸ್ಟ್ ಪಕ್ಷದ ಮೇಲೆ ನಿಷೇಧವಿತ್ತು. ಪಕ್ಷದ ಹೆಸರಲ್ಲಿ ನಿಲ್ಲುವಂತಿಲ್ಲವಾದ್ದರಿಂದ ಕಮ್ಯುನಿಸ್ಟರೂ ಅವರ ಜೊತೆಗಾರರೂ ‘ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್’ ಎಂಬ ರಂಗ ಕಟ್ಟಿ 1952ರ ಚುನಾವಣೆಗೆ ನಿಂತರು. 175 ಸ್ಥಾನಗಳ ಹೈದರಾಬಾದ್ ವಿಧಾನಸಭೆಯಲ್ಲಿ 42 ಗೆದ್ದರು. ನಲ್ಗೊಂಡದಿಂದ ಲೋಕಸಭೆಗೆ ನಿಂತ ರಾವಿ ನಾರಾಯಣ ರೆಡ್ಡಿ ಅವರಿಗೆ ನೆಹರೂ ಅವರಿಗಿಂತ ಹೆಚ್ಚು ಮತ ಬಂದವು. ಹೆಸರು ಹೋಗಿ, ಪರಿಚಿತ ಗುರುತು ಇಲ್ಲದೆಯೂ ಗೆದ್ದ ಎಡಕೂಟವದು.

“ಆ ಗಾಳಿ ಇಲ್ಲಿಗೆ ಯಾಕ ಬರಲಿಲ್ಲ?”

“ಅದು ತೆಲುಗು ಜಿಲ್ಲಾದ ಹೋರಾಟ. ಈ ಕಡೆ ಕುಷ್ಟಗಿ ಅಂತ ಲೋಕಸಭಾ ಕ್ಷೇತ್ರ ಇತ್ತು, 1952ರಾಗ ಗೆದ್ದವ್ರು ಅಳವಂಡಿ ಶಿವಮೂರ್ತಿಸ್ವಾಮಿಗಳು, ಪಕ್ಷೇತರರಾಗಿ. ಮುಂದ 1962ರಾಗ ಕೊಪ್ಪಳದಿಂದ ಲೋಕ ಸೇವಕ ಸಂಘದ ಹೆಸರಿನಾಗ ಗೆದ್ರು. ನಮ್ಮ ಕಡೆ ಜನ ಗುರುತಿಗಿಂತ ಮನಶ್ಯಾನ್ನ ನೋಡ್ಯಾರ.”

“ಈಗೂ ಹಂಗ ಅದಾರ. ರಾಯರೆಡ್ಡಿಯವ್ರಿಗೆ ನಾವು ಚಕ್ರಾನೂ ಬರದೀವಿ, ಕೈನೂ ಬರದೀವಿ.”

ಮಾತು ಸುಳ್ಳಲ್ಲ. ಯಲಬುರ್ಗಾದ ಬಸವರಾಜ ರಾಯರೆಡ್ಡಿ ಜನತಾದಳದ ಚಕ್ರದ ಕಾಲದಲ್ಲಿ ಶಾಸಕರಾಗಿದ್ದವರು, 1996ರಲ್ಲಿ ಅದೇ ಪಕ್ಷದಿಂದ ಕೊಪ್ಪಳದ ಸಂಸದರಾದರು, 2013ರಲ್ಲಿ ಮತ್ತು 2023ರಲ್ಲಿ ಕೈ ಗುರುತಿನಿಂದ ಯಲಬುರ್ಗಾದ ಶಾಸಕರಾದರು. ಆ 1996 ನೆನಪಿಡಬೇಕಾದ ವರ್ಷ. ಕರ್ನಾಟಕದಿಂದ ಜನತಾದಳದ 16 ಸಂಸದರು ಹೋದರು, ದೇವೇಗೌಡರು ಸಂಯುಕ್ತ ರಂಗದ ಪ್ರಧಾನಿಯಾದರು. ಸಿಪಿಐ ಸರಕಾರ ಸೇರಿತು, ಇಂದ್ರಜಿತ್ ಗುಪ್ತ ಗೃಹಮಂತ್ರಿಯಾದರು. ಸಿಪಿಎಂ ಹೊರಗಿನಿಂದ ಬೆಂಬಲ ಕೊಟ್ಟಿತು. ಕುಡುಗೋಲು ಸೇರಿದ್ದ ಆ ಸರಕಾರಕ್ಕೆ ಕೊಪ್ಪಳ ಕ್ಷೇತ್ರದ ಮತದಾರರು ಕಳಿಸಿದ್ದು ಚಕ್ರವನ್ನು.

ಅದಕ್ಕೂ ಹಿಂದೆ 1983ರಲ್ಲಿ ರಾಮಕೃಷ್ಣ ಹೆಗಡೆಯವರ ಮೊದಲ ಸರಕಾರ ಬಹುಮತವಿಲ್ಲದೆ ನಿಂತದ್ದು ಹೊರಗಿನ ಊರುಗೋಲುಗಳ ಮೇಲೆ. ಒಂದು ಕಡೆ ಬಿಜೆಪಿಯ 18 ಶಾಸಕರು, ಇನ್ನೊಂದು ಕಡೆ ಸಿಪಿಐ, ಸಿಪಿಎಂಗಳ ತಲಾ ಮೂವರು. ಕಮಲವೂ ಕುಡುಗೋಲೂ ಒಂದೇ ಮುಖ್ಯಮಂತ್ರಿಯನ್ನು ಎತ್ತಿ ಹಿಡಿದ ದಿನಗಳು ಈ ರಾಜ್ಯದಲ್ಲಿ ನಡೆದಿವೆ ಎಂದರೆ ಇಂದಿನ ವಿದ್ಯಾರ್ಥಿಗಳು ನಂಬುವುದಿಲ್ಲ ಎಂದರು ಅಕ್ಕೋರು.

ಇನ್ನು ಗುರುತು ಕಡ ತರುವ ದಾರಿಯೂ ಒಂದಿದೆ. 1977ರಲ್ಲಿ ಜನತಾ ಪಕ್ಷದ ಹೆಸರಲ್ಲಿ ಕೂಡಿದವರು ಇನ್ನೂ ಕಾನೂನಿನ ಪ್ರಕಾರ ಒಂದು ಪಕ್ಷವಾಗಿರಲಿಲ್ಲ. ಹಾಗಾಗಿ ಬಹುತೇಕ ಕಡೆ ಭಾರತೀಯ ಲೋಕದಳದ ಗುರುತಿನ ಮೇಲೆ ನಿಂತರು: ಚಕ್ರದೊಳಗೆ ನೇಗಿಲು ಹೊತ್ತ ರೈತ. 1952ರಲ್ಲಿ ಯಾರಿಗೂ ಸಿಗದಿದ್ದ ನೇಗಿಲು ಆ ಹೊತ್ತಿಗೆ ದಿಲ್ಲಿಯನ್ನೇ ಗೆದ್ದಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಹಸು-ಕರುವಿನ ಪಾಲಾದವು.

“ಅದನ್ನ ಬರಿಯಾಕ ನಮ್ಮ ಗುರುಗಳು ದಿನಕ್ಕ ನಾಕು ಗೋಡಿ ಮುಗಿಸಿದ್ರ ದೊಡ್ಡದಾಗಿತ್ತು,” ಎಂದರು ಪೇಂಟರ್. “ಚಕ್ರ, ಅದರೊಳಗ ಮನಶ್ಯಾ, ಅವನ ಹೆಗಲ ಮ್ಯಾಲ ನೇಗಿಲು. ಅದನ್ನ ಯಾರು ತೆಗದ್ರೋ ಪುಣ್ಯಾತ್ಮರು!”

ಆಯೋಗದ ಚಿತ್ರಗಳನ್ನು ಬರೆದವರಲ್ಲಿ ಎಂ.ಎಸ್. ಸೇಠಿ ಎಂಬ ನಕ್ಷೆಗಾರರ ಹೆಸರು ಬರುತ್ತದೆ. ಪೆನ್ಸಿಲ್ ಹಿಡಿದು ಫ್ಯಾನು, ಬಕೆಟ್ಟು, ಮೇಜು, ಹೊಲಿಗೆ ಯಂತ್ರಗಳನ್ನೆಲ್ಲ ಬರೆದಿಟ್ಟು 1992ರಲ್ಲಿ ನಿವೃತ್ತರಾದವರು. ಆದರೆ ಸುತ್ತಿಗೆ-ಕುಡುಗೋಲಿನ ಜೋಡಣೆ ಆಯೋಗದ್ದಲ್ಲ, ಅದು ಹುಟ್ಟಿದ್ದು 1918ರ ಮಾಸ್ಕೋದಲ್ಲಿ, ಮೇ ದಿನದ ಅಲಂಕಾರಕ್ಕೆಂದು. ಬರೆದವನು ಯೆವ್‌ಗೆನಿ ಕಮ್ಜೋಲ್ಕಿನ್ ಎಂಬ ಚಿತ್ರಕಾರ. ಕೆಂಪು ಬಾವುಟ ಅದಕ್ಕಿಂತ ಹಳೆಯದು, 1871ರ ಪ್ಯಾರಿಸ್ ಕಮ್ಯೂನಿನಲ್ಲೇ ಹಾರಿತ್ತು. ನಮ್ಮ ದೇಶದಲ್ಲಿ ಮೊದಲ ಮೇ ದಿನ ಆಚರಿಸಿದ್ದು 1923ರಲ್ಲಿ, ಮದ್ರಾಸಿನಲ್ಲಿ, ಸಿಂಗಾರವೇಲು ಚೆಟ್ಟಿಯಾರ್. ಬಾವುಟಕ್ಕೆ ಬಟ್ಟೆ ಸಿಗದೆ ಮಗಳ ಕೆಂಪು ಸೀರೆ ಹರಿದರೆಂದು ಹೇಳುವುದುಂಟು. ಅಖಿಲ ಭಾರತ ಕಿಸಾನ್ ಸಭಾ ಕೆಂಬಾವುಟವನ್ನು ತನ್ನದೆಂದು ಒಪ್ಪಿದ್ದು 1937ರಲ್ಲಿ.

ಕನ್ನಡದ ಓದುಗರಿಗೆ ಆ ಬಾವುಟ ಹೊರಗಿನದಲ್ಲ. 1943ರ ಮಾರ್ಚಿನಲ್ಲಿ ನಾಲ್ವರು ರೈತ ತರುಣರನ್ನು ಗಲ್ಲಿಗೇರಿಸಿದ ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿ; ನಿರಂಜನರ ‘ಚಿರಸ್ಮರಣೆ’ ಆ ಊರಿನ ಕಾದಂಬರಿ.

ಇಷ್ಟೆಲ್ಲ ಕೇಳಿದ ಮೇಲೆ ಪೇಂಟರ್ ತಮ್ಮ ಹಳೆಯ ತಕರಾರು ತೆಗೆದರು. “ನನಗ ಮೊದಲಿಂದ್ಲೂ ಒಂದು ಅನುಮಾನ. ತೆನಿ-ಕುಡಗೋಲು ಅಂತಾರ, ಆ ತೆನಿ ಯಾವ್ದು? ಜ್ವಾಳದ್ದು ಅಂತೂ ಅಲ್ಲ. ನಮ್ಮ ಎರಿ ಹೊಲದಾಗ ಹಿಂಗಾರಿ ಜ್ವಾಳ ಬೇರ ಸಮೇತ ಕೀಳ್ತೀವಿ. ಕಿತ್ತು ಸಾಲಿಗೆ ಹಾಕಿದ ಮ್ಯಾಲ ತೆನಿ ಕೊಯ್ತೀವಿ. ಆ ಚಿತ್ರ ನೋಡಿದ್ರ ಗಂಗಾವತಿ ಭತ್ತ ನೆನಪಾಗತೈತಿ.”

ಕೊಪ್ಪಳ ಜಿಲ್ಲೆಯ ಎರಡು ಮುಖ ಈ ಮಾತಿನಲ್ಲಿವೆ. ಮುನಿರಾಬಾದಿನಲ್ಲಿ ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಹರಿದ ಗಂಗಾವತಿ ಕಡೆ ಭತ್ತದ ನಾಡಾಯಿತು. ಯಲಬುರ್ಗಾ, ಕುಷ್ಟಗಿ ಮಳೆ ನಂಬಿದ ಒಣ ಬೇಸಾಯದಲ್ಲೇ ಉಳಿದವು. ಬರ ಬಿದ್ದ ವರ್ಷ ಮಂಗಳೂರು, ಗೋವಾ, ಬೆಂಗಳೂರು ಎಂದು ಗುಳೆ ಹೋಗುವವರು ಇಲ್ಲಿಯವರು. ಗಂಗಾವತಿಯ ಭತ್ತವನ್ನೂ ಈಗ ಕೊಯ್ಯುವುದು ಯಂತ್ರ. ಸುತ್ತಿಗೆಯ ಸದ್ದು ಕೇಳಬೇಕಾದರೆ ಕೊಪ್ಪಳದ ಆಚೆ ಗಿಣಿಗೇರಿ ಸುತ್ತಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗಬೇಕು.

“ಹಂಗಾದ್ರ ಇವತ್ತು ತಹಸೀಲ್ದಾರ್ ಕಚೇರಿ ಮುಂದ ಆ ಬಾವುಟ ಹಿಡಕೊಂಡು ಕೂಡೋರು ಯಾರು ಹೇಳ್ರಿ ಕಾಕಾ?” ಈ ಸಲ ಪ್ರಶ್ನೆ ಅಕ್ಕೋರದು.

“ಹೆಣ್ಮಕ್ಕಳು. ಅಂಗನವಾಡಿಯವ್ರು, ಬಿಸಿಯೂಟದವ್ರು. ಗ್ರಾಮ ಪಂಚಾಯ್ತಿ ನೀರು ಬಿಡೋರು, ಹಾಸ್ಟೆಲಿನ ಅಡಗಿಯವ್ರು. ಅವರ ಕೈಯಾಗ ಸುತ್ತಿಗಿನೂ ಇಲ್ಲ, ಕುಡಗೋಲೂ ಇಲ್ಲ. ಸೌಟು ಐತಿ.”

ಬಾವುಟದ ಬಗ್ಗೆ ಯಾವ ಪಂಡಿತರ ಪುಸ್ತಕದಲ್ಲೂ ಸಿಗದ ಮಾತಿದು. ಕರ್ನಾಟಕದಲ್ಲಿ ಅಂಗನವಾಡಿ ಶುರುವಾದದ್ದು 1975ರಲ್ಲಿ, ತಿರುಮಕೂಡಲು ನರಸೀಪುರದಿಂದ. ಬಿಸಿಯೂಟ 2002ರಲ್ಲಿ ಮೊದಲು ಬಂದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಈ ಯೋಜನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಸರಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ನೌಕರರೆಂದು ಒಪ್ಪುವುದಿಲ್ಲ, ಕಾರ್ಯಕರ್ತೆಯರು ಎನ್ನುತ್ತದೆ. ಅವರನ್ನು ಸಂಘ ಕಟ್ಟಿ ನಿಲ್ಲಿಸಿದ್ದು ಎಡಪಕ್ಷಗಳ ಕಾರ್ಮಿಕ ಸಂಘಟನೆಗಳು. ಅಂಗನವಾಡಿಯವರಲ್ಲಿ ಸಿಐಟಿಯು ಕಡೆಯವರು ಹೆಚ್ಚು, ಎಐಟಿಯುಸಿ ಸಂಘವೂ ಇದೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರ ಸಂಘ ಎಐಯುಟಿಯುಸಿಗೆ ಸೇರಿದ್ದು. 2017ರ ಮಾರ್ಚಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಹಗಲು ಕುಳಿತ ಅಂಗನವಾಡಿ ಹೆಣ್ಣುಮಕ್ಕಳ ಚಿತ್ರ ಪತ್ರಿಕೆಗಳಲ್ಲಿ ಬಂದದ್ದು ಹಲವರಿಗೆ ನೆನಪಿರಬಹುದು. ಅಲ್ಲಿದ್ದದ್ದು ಕೆಂಬಾವುಟ.

“ನಾ ಅದನ್ನ ಕೇಳಾಕತ್ತೀನಿ ಅಕ್ಕೋರ,” ಪೇಂಟರ್ ಪಟ್ಟು ಬಿಡಲಿಲ್ಲ. “ಆ ಬಾವುಟ ಹಿಡದವ್ರು ವೋಟಿನ ದಿನ ಯಾವ ಬಟನ್ ಒತ್ತತಾರ?”

“ಬಾವುಟದ ಗುರುತು ಮತಯಂತ್ರದ ಮ್ಯಾಲೆ ಇದ್ರ ತಾನೆ ಒತ್ತೂದು? ಬಹಳ ಸಲ ಅಭ್ಯರ್ಥಿನ ಇರೂದಿಲ್ಲ. ಇಂಥವರಿಗೆ ಹಾಕ್ರಿ ಅಂತ ಹೇಳಿ ಸುಮ್ಮನಾಗ್ತಾರ.”

“ಹಂಗಂದ್ರ ಅವ್ರದು ಸೋಲು.”

“ಪೂರ್ತಿ ಸೋಲು ಅಂತ ನಾ ಒಪ್ಪೂದಿಲ್ಲ. ಗೌರವಧನ ಏರಿದ್ದು ಬೀದಿಯಾಗ ಕುಂತದ್ದಕ್ಕ, ಯಾರೋ ಶಾಸಕರು ಗೆದ್ದದ್ದಕ್ಕಲ್ಲ.”

“ಏರಸೂ ಕಾಗದಕ್ಕ ಸಹಿ ಹಾಕಿದವ್ರು ಯಾರು? ಗೆದ್ದವ್ರು.”

ಇಬ್ಬರಲ್ಲಿ ಯಾರ ಮಾತನ್ನೂ ತೆಗೆದುಹಾಕುವಂತಿಲ್ಲ. ಆದರೆ ತಕ್ಕಡಿ ಪೇಂಟರ್ ಕಡೆ ತುಸು ವಾಲುತ್ತದೆ. ಕನ್ನಡ ಪತ್ರಿಕೆಗಳ ತಲೆಬರಹಗಳೇ ಸಾಕ್ಷಿ. ಕಾಂಗ್ರೆಸ್ ಸೇರಿದವರು ‘ಕೈ ಹಿಡಿದರು’, ಬಿಜೆಪಿ ಸೇರಿದವರು ‘ಕಮಲ ಮುಡಿದರು’, ಜೆಡಿಎಸ್ ಸೇರಿದವರು ‘ತೆನೆ ಹೊತ್ತರು’, ಬಿಟ್ಟವರು ‘ತೆನೆ ಇಳಿಸಿದರು’. ಸಿಪಿಐ ಗುರುತಿನಲ್ಲೂ ತೆನೆ ಇದೆ, ಅದೂ 1952ರಿಂದ. ಆದರೂ ಈ ರಾಜ್ಯದಲ್ಲಿ ತೆನೆ ಎಂದರೆ ಜೆಡಿಎಸ್. ಎಡಪಕ್ಷ ಸೇರಿದವರು ಏನು ಮಾಡಿದರೆಂದು ಬರೆಯಲು ಉಪಸಂಪಾದಕರಿಗೆ ಕ್ರಿಯಾಪದ ಸಿಕ್ಕಿಲ್ಲ. ಕೇರಳದಲ್ಲಿ ಗೆದ್ದರೆ ‘ಕೆಂಬಾವುಟ ಹಾರಿತು’ ಎಂದು ಬರುತ್ತದೆ. ಪತ್ರಿಕೆಯವರಿಗೂ ನೆನಪಾಗುವುದು ಎಡದವರ ಬಾವುಟವೇ ಹೊರತು ಗುರುತಲ್ಲ.

ಬೀದಿಯ ಮಟ್ಟಿಗೆ ಬಾವುಟಗಳು ಕೂಡುವುದು ಸಲೀಸು. ಇಲ್ಲಿಂದ ದೂರವೇನಲ್ಲದ ನರಗುಂದ-ನವಲಗುಂದದಲ್ಲಿ 1980ರ ಜುಲೈಯಲ್ಲಿ ನಡೆದ ಗೋಲಿಬಾರಿನ ಬೆನ್ನಿಗೆ ರಾಜ್ಯ ರೈತ ಸಂಘ ಬೆಳೆಯಿತು, ಹಸಿರು ಶಾಲು ಹೆಗಲಿಗೇರಿತು. ಆ ಹಸಿರಿಗೂ ಕಮ್ಯುನಿಸ್ಟರ ಕೆಂಪಿಗೂ ಬಹುಕಾಲ ಅಷ್ಟಕ್ಕಷ್ಟೆ. 2020ರಲ್ಲಿ ಭೂಸುಧಾರಣಾ ತಿದ್ದುಪಡಿ, ಕೃಷಿ ಕಾಯ್ದೆಗಳು ಬಂದಾಗ ‘ಸಂಯುಕ್ತ ಹೋರಾಟ-ಕರ್ನಾಟಕ’ದ ಹೆಸರಲ್ಲಿ ರೈತ ಸಂಘದ ಹಸಿರು, ಕಾರ್ಮಿಕರ ಕೆಂಪು, ದಲಿತ ಸಂಘಟನೆಗಳ ನೀಲಿ ಒಂದೇ ಮೆರವಣಿಗೆಯಲ್ಲಿ ಬಂದವು. ಪೇಂಟರ್ ಅದನ್ನು ಬಣ್ಣದ ಡಬ್ಬಿಗಳ ಲೆಕ್ಕದಲ್ಲಿ ನೋಡುತ್ತಾರೆ: “ಮೂರೂ ಚಲೋ ಬಣ್ಣ. ಕೂಡಿಸಿ ಕಲಿಸಿಬಿಟ್ರ ಮಾತ್ರ ರಾಡಿ ಬಣ್ಣ ಬರತೈತಿ. ಬಾಜೂ ಬಾಜೂ ಹಚ್ಚಬೇಕು.”

ಬಾಜೂ ಬಾಜೂ ಹಚ್ಚಿದ ದೇಶಗಳೂ ಇವೆ. ಗ್ರೀಸಿನ ಎಡಕೂಟ ಸಿರಿಝಾ ತನ್ನ ಲಾಂಛನದಲ್ಲಿ ಕೆಂಪು, ಹಸಿರು, ನೇರಳೆ ಮೂರನ್ನೂ ಇಟ್ಟುಕೊಂಡಿತು. ಎಡಪಂಥ, ಪರಿಸರ, ಸ್ತ್ರೀವಾದ ಎಂದು ಅವಕ್ಕೆ ಅರ್ಥ. ಪೋರ್ಚುಗಲ್‌ನಲ್ಲಿ ಕಮ್ಯುನಿಸ್ಟರೂ ಹಸಿರು ಪಕ್ಷದವರೂ 1987ರಿಂದ ಸಿಡಿಯು ಎಂಬ ಕೂಟವಾಗಿ ನಿಲ್ಲುತ್ತಾರೆ. ಮತಪತ್ರದ ಮೇಲೆ ಆ ಕೂಟಕ್ಕೇ ಗುರುತು: ಸುತ್ತಿಗೆ-ಕುಡುಗೋಲು, ಪಕ್ಕದಲ್ಲಿ ಸೂರ್ಯಕಾಂತಿ.

“ಸೂರ್ಯಕಾಂತಿ ನಮ್ಮ ಬೆಳಿ! ಅದನ್ನ ಇಲ್ಲಿ ಕೇಳಬೇಕಿತ್ತು ನೋಡ್ರಿ.”

“ಇಲ್ಲಿ ಕೂಟಕ್ಕ ಕೊಡಾಂಗಿಲ್ಲಲ್ಲ ಕಾಕಾ. 2023ರಾಗ ಬೆಂಗಳೂರಿನಾಗ ಕೂತು ‘ಇಂಡಿಯಾ’ ಅಂತ ಒಕ್ಕೂಟಕ್ಕ ಹೆಸರಿಟ್ರು. ಅದರಾಗ ಸಿಪಿಐ, ಸಿಪಿಎಂ, ಲಿಬರೇಷನ್ ಎಲ್ಲಾ ಅದಾರ. ಲಾಂಛನ ಮುಂಬೈ ಸಭಾದಾಗ ಬಿಡ್ತೀವಿ ಅಂದ್ರು, ಬಿಡಲೇ ಇಲ್ಲ.”

ಅದೇ ವರ್ಷ ಏಪ್ರಿಲ್‌ನಲ್ಲಿ ಸಿಪಿಐ ತನ್ನ ರಾಷ್ಟ್ರೀಯ ಪಕ್ಷದ ಮನ್ನಣೆ ಕಳೆದುಕೊಂಡಿತು. ಮೊದಲ ಮಹಾಚುನಾವಣೆಯಿಂದ ಒಂದೇ ಗುರುತು ಬದಲಿಸದೆ ಬಂದ ಪಕ್ಷಕ್ಕೆ ಕರ್ನಾಟಕದಲ್ಲಿ ಆ ಗುರುತು ತಾನಾಗಿ ಸಿಗುವುದಿಲ್ಲ, ಆಯೋಗವನ್ನು ಕೇಳಿ ಪಡೆಯಬೇಕು. ಸಿಪಿಎಂ ರಾಷ್ಟ್ರೀಯ ಪಕ್ಷವಾಗಿ ಉಳಿದಿದೆ.

ಚಾರ್ಟಿನ ಸಾಲಿಗೆ ಕೊನೆಗೆ ಪೇಂಟರ್ ಸೂಚಿಸಿದ್ದು ಇಷ್ಟು: ಎಡರಂಗದ ಮುಂದೆ ಒಂದು ಚಿತ್ರದ ಬದಲು ಎರಡು ಮನೆ ಹಾಕುವುದು, ಒಂದರಲ್ಲಿ ಬಾವುಟ, ಇನ್ನೊಂದರಲ್ಲಿ ಅಷ್ಟೂ ಪಕ್ಷಗಳ ಗುರುತುಗಳು ಸಣ್ಣದಾಗಿ. ಅಕ್ಕೋರು ಒಪ್ಪಿದರು. ಆದರೆ ಹುಡುಗರು ಕೇಳಿಯೇ ಕೇಳುತ್ತಾರೆ, ಇದರಲ್ಲಿ ಯಾವುದು ಗೆದ್ದಿದೆ ಎಂದು.

“ಏನಂತ ಹೇಳ್ತೀರಿ?”

“ಇದ್ದದ್ದು ಹೇಳ್ತೀನಿ. ದಾವಣಗೆರಿಯಾಗ ಪಂಪಾಪತಿಯವ್ರು ಸಿಪಿಐನಿಂದ ಗೆದ್ದಿದ್ರು. ಕೋಲಾರದ ಚಿನ್ನದ ಗಣಿಯಾಗ ಕೆಂಬಾವುಟದವ್ರು ಗೆದ್ದಿದ್ರು. ಬಾಗೇಪಲ್ಲಿಯಾಗ ಜಿ.ವಿ. ಶ್ರೀರಾಮರೆಡ್ಡಿ 1994ರಾಗ, 2004ರಾಗ ಗೆದ್ರು.”

“ಆಮ್ಯಾಲ?”

ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಗುರುತಿಗೆ ಜಾಗವೇ ಇಲ್ಲ. ಅಲ್ಲಿ ಗೆದ್ದ ಎಡದವರು ಮುಕ್ತ ಚಿಹ್ನೆಗಳಲ್ಲಿ ಗೆದ್ದವರು. ಪಕ್ಷದ ಗುರುತು ನಡೆಯುವ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾಯಿತು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮುಂದೆ ಹೋಗುತ್ತಲೇ ಬಂತು. ಅಂಗನವಾಡಿ, ಬಿಸಿಯೂಟ, ಆಶಾ ಹೆಣ್ಣುಮಕ್ಕಳನ್ನು ಬೇರೆ ಬೇರೆ ಸಂಘಗಳಲ್ಲಿ ಕಟ್ಟಿದ ಪಕ್ಷಗಳು ಆ ಚುನಾವಣೆ ಬಂದಾಗಲಾದರೂ ಒಂದು ಕ್ಷೇತ್ರಕ್ಕೆ ಒಬ್ಬರೇ ಅಭ್ಯರ್ಥಿ, ಒಂದೇ ಗುರುತು ಎಂದು ಕೂತು ಮಾತಾಡಿಕೊಳ್ಳಬಹುದು. ಅದಕ್ಕೆ ಕಾನೂನು ಅಡ್ಡಿಯಿಲ್ಲ, ಆಯೋಗದ ಅಪ್ಪಣೆಯೂ ಬೇಕಿಲ್ಲ. ವಿಧಾನಸಭೆಯ ಲೆಕ್ಕ ಬೇರೆ. 2008, 2013, 2018, 2023, ಈ ನಾಲ್ಕೂ ಚುನಾವಣೆಗಳಲ್ಲಿ ತೆನೆ-ಕುಡುಗೋಲಿನಿಂದಾಗಲಿ, ಸುತ್ತಿಗೆ-ಕುಡುಗೋಲು-ನಕ್ಷತ್ರದಿಂದಾಗಲಿ ಕರ್ನಾಟಕದಲ್ಲಿ ಒಬ್ಬರೂ ಗೆದ್ದಿಲ್ಲ.